ಗುತ್ತಿಗೆಯ ಗುಟ್ಟು ಎಲ್ಲಿಯವರೆಗೆ?

ಪೋರೂರಿನಲ್ಲಿ ರಸ್ತೆಯುದ್ದಕ್ಕೂ ಮೆಟ್ರೋ ಎರಡನೆಯ ಹಂತದ ಕಂಬಗಳ ಸಾಲು. ಹಣ ಸಾರ್ವಜನಿಕರದು, ಸಾಲ ತೀರಿಸುವವರೂ ಅವರೇ. ಇಂತಹ ಕಾಮಗಾರಿಯ ಲೆಕ್ಕವನ್ನು ನಾಗರಿಕನೊಬ್ಬನು ಕೇಳಿದಾಗ ‘ಗುತ್ತಿಗೆದಾರರ ವ್ಯಾಪಾರ ರಹಸ್ಯ’ ಎಂದಷ್ಟೇ ಉತ್ತರಿಸಿದರೆ ಸಾಕೆ?

ನಮ್ಮ ಓದುಗರಲ್ಲಿ ವ್ಯಾಪಾರಸ್ಥರೂ ಗುತ್ತಿಗೆದಾರರೂ ಇರುವುದರಿಂದ ಮೊದಲು ಅವರ ಪಕ್ಷವನ್ನೇ ಹೇಳುತ್ತೇನೆ. ಟೆಂಡರು ತೆರೆಯುವ ಮುನ್ನ ದರ ಸೋರಿಹೋದರೆ ಸೋಲುವವನು ಪ್ರಾಮಾಣಿಕನೇ. ವರ್ಷಗಳ ಶ್ರಮದಿಂದ ರೂಪಿಸಿದ ತಯಾರಿಕೆಯ ವಿಧಾನ ಪ್ರತಿಸ್ಪರ್ಧಿಯ ಕೈಗೆ ಪುಕ್ಕಟೆಯಾಗಿ ಸೇರಿದರೆ ಅದೂ ಒಂದು ಬಗೆಯ ಕಳವೇ. 2005ರ ಮಾಹಿತಿ ಹಕ್ಕು ಕಾಯಿದೆಯ 8(1)(ಡಿ) ಕಲಂ ರಕ್ಷಿಸುವುದು ಇದನ್ನು. ಗೌಪ್ಯವೆಂದು ಕೊಟ್ಟ ಮಾಹಿತಿಯನ್ನು ಹೊರಗೆಡಹುವ ಮುನ್ನ, ಅರ್ಜಿ ಬಂದ 5 ದಿನಗಳೊಳಗೆ ಅಧಿಕಾರಿಯು ಗುತ್ತಿಗೆದಾರನಿಗೆ ನೋಟಿಸು ನೀಡಬೇಕು. ಆಕ್ಷೇಪಣೆಗೆ 10 ದಿನಗಳ ಅವಕಾಶವುಂಟು.

ಆದರೆ ಆಕ್ಷೇಪಿಸುವ ಹಕ್ಕು ತಡೆಯುವ ಹಕ್ಕಲ್ಲ. ನಿರ್ಧಾರ ಅಧಿಕಾರಿಯದು. ರಹಸ್ಯದ ಭಾಗವನ್ನಷ್ಟೇ ಬೇರ್ಪಡಿಸಿ ಉಳಿದುದನ್ನು ಕೊಡಲು 10ನೆಯ ಕಲಂ ದಾರಿ ಮಾಡಿದೆ. ಸ್ವಂತ ತಂತ್ರಜ್ಞಾನವನ್ನು ಮುಚ್ಚಿಡಲಿ. ಒಪ್ಪಂದದ ಮೊತ್ತ, ಅವಧಿ, ದಂಡದ ಷರತ್ತು, ಗುಣಮಟ್ಟದ ಪರೀಕ್ಷಾ ವರದಿ ಇವುಗಳನ್ನು ಮರೆಮಾಚಲು ನನಗೆ ಕಾರಣವೇ ಕಾಣದು. ದೇಶದಲ್ಲೇ ಮೊದಲಿಗೆ, 1997ರಲ್ಲಿ, ಮಾಹಿತಿ ಹಕ್ಕಿನ ಕಾಯಿದೆ ತಂದ ರಾಜ್ಯ ತಮಿಳುನಾಡು. (ಅದರಲ್ಲಿ ವಿನಾಯಿತಿಗಳೇ ಧಾರಾಳವಾಗಿದ್ದವು ಎಂಬುದು ಬೇರೆ ಮಾತು.) ಟೆಂಡರು ಪಾರದರ್ಶಕತೆಯ ಕಾಯಿದೆ ಮರುವರ್ಷವೇ ಬಂತು.

ನಾಳೆ ಅಂತಹ ನೋಟಿಸು ನಮ್ಮವರ ಅಂಗಡಿಗೇ ಬರಬಹುದು. ಆಗ ಇಡೀ ಕಡತದ ಮೇಲೆ ‘ಗೌಪ್ಯ’ ಎಂಬ ಮುದ್ರೆಯೊತ್ತದೆ, ಯಾವ ಪುಟ, ಯಾವ ಸಾಲು, ಏಕೆ ಎಂದು ಬರೆದುಕೊಡಲಿ.