ಹೊಸ ಬ್ಯಾಟರಿ ತರುವ ಮುಂಚೆ ಹಳೆಯದರ ತಲೆ ಉಜ್ಜಿ ನೋಡಿ

ಮುಂಗಾರಿನ ಹದ ಯಾರ ಟ್ರಾಕ್ಟರಿಗೂ ಕಾಯುವುದಿಲ್ಲ. ಮಳೆಯ ಮಾರನೇ ಬೆಳಿಗ್ಗೆ ಕೀ ತಿರುಗಿಸಿದರೆ 'ಟಕ್' ಅಂತ ಒಂದು ಸದ್ದು, ಮುಂದಕ್ಕೆ ಏನೂ ಇಲ್ಲ. ಮೆಕ್ಯಾನಿಕ್ ಬಂದು 'ಬ್ಯಾಟರಿ ಹೋಗಿದೆ, ಸೆಲ್ಫೂ ಬಿಚ್ಚಬೇಕು' ಅಂತಾನೆ. ಹದ ಆರಿಹೋಗುವ ಭಯಕ್ಕೆ ನೀವು ಕೈಸಾಲ ಎತ್ತುತ್ತೀರಿ. ಎಲ್ಲ ಮೆಕ್ಯಾನಿಕ್ಕರೂ ಮೋಸಗಾರರಲ್ಲ, ಆದರೆ ನಿಮ್ಮ ಅವಸರ ಹಲವರಿಗೆ ಬಂಡವಾಳವಾಗಿದೆ.

ಮೊದಲು ಒಂದು ಮಾತು ತಿಳಿಯಿರಿ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಸೆಲ್ಫ್ ಜೋರಾಗಿ ತಿರುಗಿಸಿಯೂ ಎಂಜಿನ್ ಹತ್ತದಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ಡೀಸೆಲ್ ಪೈಪಿಗೆ ಗಾಳಿ ಹೊಕ್ಕಿರಬಹುದು, ಫಿಲ್ಟರ್ ಕಟ್ಟಿರಬಹುದು, ಸ್ಟಾಪ್ ಗುಂಡಿ ಎಳೆದೇ ಬಿಟ್ಟಿರಬಹುದು.

ಸೆಲ್ಫೇ ಎಳೆಯದಿದ್ದರೆ ದೀಪ ಹಚ್ಚಿ ಕೀ ತಿರುಗಿಸಿ. ದೀಪ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಜೋಡಣೆ ಕೆಟ್ಟಿದೆ. ದೀಪ ಹಾಗೇ ಉರಿದರೆ ಕರೆಂಟು ಸೆಲ್ಫಿಗೆ ಮುಟ್ಟುತ್ತಿಲ್ಲ: ಕೀ ಸ್ವಿಚ್ಚು, ಸಾಲಿನಾಯ್ಡ್, ಕೆಲವು ಗಾಡಿಗಳಲ್ಲಿ ನ್ಯೂಟ್ರಲ್ ಸ್ವಿಚ್ಚು ನೋಡಬೇಕು.

ಹಳೆಯ ಗಾಡಿಗಳ ರೋಗ ಬಹಳ ಸಲ ಟರ್ಮಿನಲ್ಲಿನ ಬಿಳಿ-ಹಸಿರು ಪುಡಿಯಲ್ಲೇ ಇರುತ್ತದೆ. ಸೆಲ್ಫು ನೂರಾರು ಆಂಪಿಯರ್ ಎಳೆಯುತ್ತದೆ. ಸಣ್ಣ ತುಕ್ಕೂ ಅದಕ್ಕೆ ಅಡ್ಡಗೋಡೆ. ಬಾಡಿಗೆ ಹೋಗುವ ಅರ್ತ್ ವೈರನ್ನು ಮೊದಲು ಬಿಚ್ಚಿ, ಹಾಕುವಾಗ ಕೊನೆಗೆ ಹಾಕಿ. ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ತೊಳೆಯಿರಿ, ನೀರು ಸೆಲ್ಲಿನೊಳಗೆ ಹೋಗದಂತೆ ನೋಡಿಕೊಳ್ಳಿ. ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಅರ್ತ್ ವೈರು ಚಾಸಿಗೆ ಕೂತಿರುವ ಬೋಲ್ಟಿನ ಬುಡವನ್ನೂ ಕೆರೆಯಿರಿ. ಅದನ್ನು ಯಾರೂ ನೋಡುವುದಿಲ್ಲ. ಬೀಡಿ ಮಾತ್ರ ದೂರ ಇರಲಿ, ಬ್ಯಾಟರಿಯಿಂದ ಬರುವ ಅನಿಲ ಸಿಡಿಯುತ್ತದೆ.

ಊರಿಗೊಂದು ವೋಲ್ಟ್ ಮೀಟರ್ ಇದ್ದರೆ ಸಾಕು. ಗಾಡಿ ನಿಂತಾಗ 12.6 ತೋರಿಸಿದರೆ ಬ್ಯಾಟರಿ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಇಳಿದಿದೆ. ಎಂಜಿನ್ ಓಡುವಾಗ 14ರ ಹತ್ತಿರ ಬರಬೇಕು. ಬರದಿದ್ದರೆ ಡೈನಮೋ ಕಡೆ ದೋಷ. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿ ಹಾಕಿದರೆ ಅದೂ ಇಳಿಯುತ್ತದೆ, ಸಾಲ ಮಾತ್ರ ಏರುತ್ತದೆ.

ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸಿ ಸೆಲ್ಫ್ ಹೊಡೆಯುವ ಜಾಣತನ ಬಿಡಿ. ಗೇರ್ ಬಿದ್ದಿದ್ದರೆ ಗಾಡಿ ಚಂಗನೆ ನುಗ್ಗುತ್ತದೆ. ನೀವು ನಿಂತಿರುವುದು ಹಿಂದಿನ ಗಾಲಿಯ ಮುಂದೆ.

ಇನ್ನು ಸರ್ಕಾರದ ಮಾತು. 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರಿನ ಜಿಎಸ್‌ಟಿಯನ್ನು 12ರಿಂದ 5ಕ್ಕೆ, ಟೈರು ಮತ್ತು ಹಲವು ಬಿಡಿಭಾಗಗಳದ್ದನ್ನು 18ರಿಂದ 5ಕ್ಕೆ ಇಳಿಸಿದರು. ಒಳ್ಳೆಯದಾಯಿತು. ಬ್ಯಾಟರಿಯದ್ದು? 28ರಿಂದ 18ಕ್ಕೆ ಬಂದು ನಿಂತಿತು. ಬ್ಯಾಟರಿ ಇಲ್ಲದೆ ಟ್ರಾಕ್ಟರ್ ಉಳುತ್ತದೆಯೇ? ವ್ಯಾಪಾರಿ ತಾನು ಕೊಟ್ಟ ತೆರಿಗೆಯನ್ನು ಲೆಕ್ಕದಲ್ಲಿ ವಾಪಸು ಹಿಡಿಯುತ್ತಾನೆ. ರೈತ ಯಾವ ಪುಸ್ತಕದಲ್ಲಿ ಹಿಡಿಯಬೇಕು? ಹೊಲಕ್ಕೆ ಹೋಗುವ ಬ್ಯಾಟರಿಗೂ 5ನ್ನೇ ಕೇಳೋಣ, ಗಟ್ಟಿಯಾಗಿ ಕೇಳೋಣ.

ಅಲ್ಲಿಯವರೆಗೆ, ಬದಲಾಯಿಸಲೇಬೇಕಾಗಿ ಬಂದರೆ ಹಳೆಯದನ್ನು ಅಂಗಡಿಯಲ್ಲಿ ಸುಮ್ಮನೆ ಬಿಟ್ಟು ಬರಬೇಡಿ. ಅದರ ಸೀಸಕ್ಕೆ ಬೆಲೆಯಿದೆ. ಬಿಲ್ಲಿನಲ್ಲಿ ಕಳೆದು ಬರೆಸಿಕೊಳ್ಳಿ.