ವ್ಯಾಟಿನ ಲೆಕ್ಕ, ಕಿವಿಯ ಲೆಕ್ಕ

ಈ ಬರಹದ ವಿಷಯ ಕಂಡು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಗು ಬಂದೀತು. ಮೂವತ್ತು ವರ್ಷ ತರಗತಿಯಲ್ಲಿ "ಸದ್ದು!" ಎಂದು ಮೇಜು ಕುಟ್ಟುತ್ತಿದ್ದ ಮೇಷ್ಟ್ರು ಈಗ ಧ್ವನಿವರ್ಧಕಗಳ ಬಗೆಗೆ ಉಪದೇಶ ಮಾಡಲು ಹೊರಟಿದ್ದಾರೆಂದು ನೀವು ಅಂದುಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ವಿಷಯದಲ್ಲಿ ನಾನು ಹಣ ಕೊಟ್ಟು ಪಾಠ ಕಲಿತಿದ್ದೇನೆ. ಅದು ನಿಮಗೆ ಬಿಟ್ಟಿಯಾಗಿ ದೊರೆಯಲಿ ಎಂಬುದಷ್ಟೇ ನನ್ನ ಉದ್ದೇಶ.

ಕಳೆದ ದೀಪಾವಳಿಗೆ ನನ್ನ ತಂಗಿಯ ಮಗ ಬೆಂಗಳೂರಿನಿಂದ ಕೊಂಡ್ಲಹಳ್ಳಿಗೆ ಬಂದವನು ಕಾರಿನಿಂದ ಒಂದು ಭಾರವಾದ ಕಪ್ಪು ಪೆಟ್ಟಿಗೆಯನ್ನು ಇಳಿಸಿದ. ಅದು ಸ್ಟೀರಿಯೊ ಆಂಪ್ಲಿಫೈಯರ್. "ಮಾವ, ಇದು ಚಾನೆಲ್ಲಿಗೆ ನೂರು ವ್ಯಾಟಿನದು. ಅಪಾರ್ಟ್‌ಮೆಂಟಿನಲ್ಲಿ ಇದನ್ನು ಹಚ್ಚಿದರೆ ಮೇಲಿನವರು ಕೆಳಗಿನವರು ಇಬ್ಬರೂ ಬಾಗಿಲು ಬಡಿಯುತ್ತಾರೆ. ನಿಮ್ಮಲ್ಲಿ ಕ್ಯಾಸೆಟ್ಟುಗಳಿವೆಯಲ್ಲ, ನಿಮಗಾದರೂ ಉಪಯೋಗವಾಗಲಿ" ಎಂದ. ಅವನ ಸ್ಪೀಕರುಗಳನ್ನು ಅದಾಗಲೇ ಯಾರಿಗೋ ಕೊಟ್ಟುಬಿಟ್ಟಿದ್ದ. ಹೀಗೆ ಎತ್ತು ಬಂತು, ಬಂಡಿ ಇಲ್ಲ ಎಂಬಂಥ ಸ್ಥಿತಿ ನನ್ನದಾಯಿತು.

ಅವನು ಹೇಳಿದ ಕ್ಯಾಸೆಟ್ಟುಗಳ ವಿಚಾರವನ್ನು ಬಂಧುಗಳಲ್ಲಿ ಕೆಲವರು ಬಲ್ಲರು. 1986ರ ಬೇಸಿಗೆ ರಜೆಯಲ್ಲಿ ನಾನು ಒಂದು ಪುಟ್ಟ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಅವ್ವನ ಹಾಡುಗಳನ್ನು ಧ್ವನಿಮುದ್ರಿಸಿದ್ದೆ. ಬೀಸುವ ಪದ, ಸೋಬಾನೆ, ಒಂದೆರಡು ಲಾಲಿ, ಎಲ್ಲ ಸೇರಿ ನಾಲ್ಕು ಕ್ಯಾಸೆಟ್ಟು. ಅಷ್ಟರಲ್ಲಾಗಲೇ ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತ್ತು. "ಬರೀ ಬಾಯಲ್ಲಿ ಪದ ಬರಲ್ಲಪ್ಪ, ಕೈಯೂ ಆಡಬೇಕು" ಎಂದು ಅವ್ವ ಪಟ್ಟು ಹಿಡಿದದ್ದರಿಂದ ಕಲ್ಲನ್ನು ಹೊರಗೆ ತಂದು, ತೊಳೆದು, ಎರಡು ಸೇರು ರಾಗಿ ಬೀಸಿಸಿದ್ದೆವು. ನಮ್ಮ ಸೀಮೆ ಹಾಡಿಗೆ ಬಡವಾದ ಸೀಮೆಯಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟದ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರನ್ನು ಜಾನಪದ ಬಲ್ಲವರೆಲ್ಲರೂ ಕೇಳಿದ್ದಾರೆ. ನಮ್ಮವ್ವ ಅಂಥ ದೊಡ್ಡ ಹಾಡುಗಾರ್ತಿಯಲ್ಲ. ಆದರೆ ಅವಳು ನಮ್ಮವ್ವ. ಅವಳು ತೀರಿಕೊಂಡ ಮೇಲೆ ಉಳಿದಿರುವ ದನಿ ಆ ನಾಲ್ಕು ಕ್ಯಾಸೆಟ್ಟುಗಳಲ್ಲಿ ಮಾತ್ರ ಇದೆ.

ಸರಿ, ಸ್ಪೀಕರ್ ಕೊಳ್ಳಲು ಪಟ್ಟಣದ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯಾತ ಕೇಳಿದ ಮೊದಲ ಪ್ರಶ್ನೆ, "ಎಷ್ಟು ವ್ಯಾಟ್ ಸಾರ್?" ನೂರು ಎಂದೆ. "ಹಾಗಾದರೆ ಚಿಕ್ಕ ಸ್ಪೀಕರ್ ಸುಟ್ಟುಹೋಗುತ್ತೆ" ಎಂದು ಸೊಂಟದೆತ್ತರದ ಒಂದು ಜೋಡಿಯನ್ನು ತೋರಿಸಿದ. ಒಂದೊಂದರಲ್ಲೂ ಹನ್ನೆರಡು ಅಂಗುಲದ ಎರಡು ವೂಫರ್, ಮುಂದುಗಡೆ 2000 ವ್ಯಾಟ್ ಎಂದು ಬಂಗಾರದ ಬಣ್ಣದ ಅಂಕಿ. ಕೇಳಿ ನೋಡಬೇಕೆಂದೆ. ಒಂದು ಸಿನಿಮಾ ಹಾಡು ಹಚ್ಚಿದ, ಗಾಜಿನ ಕಪಾಟು ನಡುಗಿತು. ಹದಿನಾಲ್ಕು ಸಾವಿರ ರೂಪಾಯಿ ಎಣಿಸಿಕೊಟ್ಟು ಬಂದೆ.

ಮನೆಯಲ್ಲಿ ಅವ್ವನ ಕ್ಯಾಸೆಟ್ ಹಾಕಿದಾಗ ಕೇಳಿಸಿದ್ದು ಬೀಸುಕಲ್ಲಿನ ಗುಡುಗು ಮಾತ್ರ! ಅವ್ವನ ದನಿ ವಾಡೆಯೊಳಗಿನಿಂದ ಬಂದಂತೆ ಎಲ್ಲೋ ಆಳದಲ್ಲಿತ್ತು, ಪದಗಳು ಒಂದೂ ತಿಳಿಯುತ್ತಿರಲಿಲ್ಲ. ಧ್ವನಿ ಏರಿಸಿದಷ್ಟೂ ಕಲ್ಲೇ ಏರಿತು. ನನ್ನ ತಂಗಿ ಸ್ವಲ್ಪ ಹೊತ್ತು ಕೇಳಿ, ಏನೂ ಹೇಳದೆ ಎದ್ದು ಒಳಗೆ ಹೋದಳು. ಮಾರಿದ ಮಾಲನ್ನು ಅಂಗಡಿಯವರು ವಾಪಸು ಪಡೆಯಲಿಲ್ಲ. ಅವರನ್ನು ದೂರಿ ಫಲವಿಲ್ಲ. ಮಕ್ಕಳಿಗೆ ವಿದ್ಯುತ್ತು, ಶಬ್ದ, ಅಲೆಗಳ ಪಾಠ ಹೇಳಿದ ನಾನೇ ಪೆಟ್ಟಿಗೆಯ ಮೇಲಿನ ಅಂಕಿಗೆ ಮರುಳಾಗಿದ್ದೆನಲ್ಲ!

ಆಮೇಲೆ ಕುಳಿತು ಯೋಚಿಸಿದೆ, ಓದಿದೆ. ನನಗೆ ಅರ್ಥವಾದದ್ದು ಇಷ್ಟು. ಶಕ್ತಿಶಾಲಿ ಆಂಪ್ಲಿಫೈಯರಿಗೆ ಸ್ಪೀಕರ್ ಹುಡುಕುವಾಗ ವ್ಯಾಟಿಗೆ ವ್ಯಾಟನ್ನು ಹೊಂದಿಸುವುದು ಕಡೆಯ ಕೆಲಸ. ಮೊದಲು ನೋಡಬೇಕಾದವು ಏನನ್ನು ಕೇಳುತ್ತೇವೆ, ಎಲ್ಲಿ ಕುಳಿತು ಕೇಳುತ್ತೇವೆ, ಯಾವ ಕಿವಿಯಿಂದ ಕೇಳುತ್ತೇವೆ ಎಂಬ ಮೂರು ಸಂಗತಿಗಳು.

ವ್ಯಾಟಿನ ಮೋಹವನ್ನು ಮೊದಲು ಬಿಡಿಸುತ್ತೇನೆ. ಸ್ಪೀಕರಿನ ಮೇಲೆ ದೊಡ್ಡದಾಗಿ ಬರೆಯುವ ಪಿ.ಎಂ.ಪಿ.ಓ. ಅಂಕಿಗೆ ಒಪ್ಪಿತವಾದ ಅಳತೆಯೇ ಇಲ್ಲ. ಅದು ಮಾರುವವನ ಉತ್ಸಾಹದ ಅಳತೆ. ನಂಬಬೇಕಾದದ್ದು ನಿರಂತರವಾಗಿ ತಾಳುವ ಶಕ್ತಿಯನ್ನು, ಅಂದರೆ ಆರ್.ಎಂ.ಎಸ್. ಎಂದು ನಮೂದಿಸಿದ ಅಂಕಿಯನ್ನು. ಅಮೆರಿಕದಲ್ಲಿ ಇಂಥ ಉಬ್ಬಿಸಿದ ಅಂಕಿಗಳ ಹಾವಳಿ ತಡೆಯಲಾರದೆ ಅಲ್ಲಿನ ಸರ್ಕಾರ 1974ರಲ್ಲಿಯೇ ಆಂಪ್ಲಿಫೈಯರುಗಳ ಶಕ್ತಿಯನ್ನು ಹೇಗೆ ಅಳೆದು ಹೇಳಬೇಕೆಂದು ನಿಯಮ ಮಾಡಿತು.

ವ್ಯಾಟಿಗಿಂತ ಮುಖ್ಯವಾದ ಅಂಕಿಯೊಂದು ಸ್ಪೀಕರಿನ ಬೆನ್ನಿಗೋ ಕೈಪಿಡಿಯಲ್ಲೋ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ. ಅದರ ಹೆಸರು ಸೂಕ್ಷ್ಮತೆ, ಇಂಗ್ಲಿಷಿನವರ ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದೇ ಅದು. ಒಂದು ಸ್ಪೀಕರ್ 87 ಡೆಸಿಬೆಲ್ಲಿನದು ಎಂದುಕೊಳ್ಳಿ. ಶಕ್ತಿಯನ್ನು ಇಮ್ಮಡಿ ಮಾಡಿದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಹತ್ತು ಪಟ್ಟು ಮಾಡಿದರೆ 10 ಡೆಸಿಬೆಲ್. ಆಗ ನಮ್ಮ ಕಿವಿಗೆ ಸದ್ದು ಸುಮಾರು ಎರಡರಷ್ಟಾಯಿತು ಅನ್ನಿಸುತ್ತದೆ. ಆದ್ದರಿಂದ 50 ವ್ಯಾಟಿನ ಯಂತ್ರಕ್ಕೂ 100 ವ್ಯಾಟಿನ ಯಂತ್ರಕ್ಕೂ ಕಿವಿಗೆ ತಿಳಿಯುವ ಅಂತರ ಅತ್ಯಲ್ಪ. ಆದರೆ 87ರ ಬದಲು 93 ಡೆಸಿಬೆಲ್ಲಿನ ಸ್ಪೀಕರ್ ತಂದರೆ ಅಷ್ಟೇ ಸದ್ದಿಗೆ ಕಾಲು ಭಾಗ ಶಕ್ತಿ ಸಾಕು.

ಇನ್ನು ನಮ್ಮ ಬಳಕೆಯನ್ನು ನೋಡೋಣ. ಇಬ್ಬರು ಕುಳಿತು ಮಾತನಾಡುವ ದನಿ ಸುಮಾರು 60 ಡೆಸಿಬೆಲ್. ಮೇಲೆ ಹೇಳಿದ ಸ್ಪೀಕರಿನಿಂದ ಎರಡು ಮೀಟರ್ ದೂರದಲ್ಲಿ ಕುಳಿತರೂ ಒಂದೇ ವ್ಯಾಟಿನಲ್ಲಿ ಸುಮಾರು 80 ಡೆಸಿಬೆಲ್ ಕಿವಿಗೆ ಬೀಳುತ್ತದೆ. ಅಂದರೆ ಮನೆಯಲ್ಲಿ ಹಾಡು ಕೇಳುವಾಗ ಹೆಚ್ಚಿನ ಹೊತ್ತು ಖರ್ಚಾಗುವುದು ಒಂದು ವ್ಯಾಟೋ, ಅದಕ್ಕೂ ಕಡಿಮೆಯೋ! ಹಾಗಾದರೆ ಉಳಿದ ತೊಂಬತ್ತೊಂಬತ್ತು ವ್ಯಾಟ್ ದಂಡವೇ ಎಂದರೆ, ಅಲ್ಲ. ತಬಲದ ಒಂದು ಪೆಟ್ಟು, ಹಾಡುಗಾರನ ಒಂದು ತಾರಸ್ಥಾಯಿ ಕ್ಷಣಮಾತ್ರ ಹತ್ತಿಪ್ಪತ್ತು ಪಟ್ಟು ಶಕ್ತಿ ಬೇಡುತ್ತದೆ. ಆಗ ಯಂತ್ರ ಏದುಸಿರು ಬಿಡದೆ ಕೊಡಬೇಕು. ದೊಡ್ಡ ಆಂಪ್ಲಿಫೈಯರಿನ ಗುಣ ಇರುವುದು ಅಲ್ಲಿ.

"ಚಿಕ್ಕ ಸ್ಪೀಕರ್ ಸುಟ್ಟುಹೋಗುತ್ತೆ" ಎಂಬ ಭಯವೂ ಅರ್ಧ ಸತ್ಯ. ಸಣ್ಣ ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ತಿರುಗಿಸಿದರೆ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಕೀರಲು ಸ್ವರದ ಅಂಶ ಹೆಚ್ಚಿ, ಟ್ವೀಟರಿನ ಕೂದಲೆಳೆಯಂಥ ತಂತಿಸುರುಳಿ ಕಾದು ಸುಡುತ್ತದೆ. ವೋಲ್ಟೇಜ್ ಇಳಿದಾಗ ಬೋರ್‌ವೆಲ್ಲಿನ ಮೋಟಾರು ಸುಡುವುದನ್ನು ನಮ್ಮ ರೈತರು ಬಲ್ಲರು. ಕಾರಣ ಬೇರೆಯಾದರೂ ನೀತಿ ಒಂದೇ: ಶಕ್ತಿ ಸಾಲದೆಯೂ ಯಂತ್ರ ಸುಡಬಹುದು. ಹಾಗೆಂದು ದೊಡ್ಡ ಆಂಪ್ಲಿಫೈಯರ್ ನಿರಪಾಯಕಾರಿಯೆಂದಲ್ಲ, ಮಿತಿ ಮೀರಿ ತಿರುಗಿಸಿದರೆ ಅದೂ ಸುಡುತ್ತದೆ. ನೂರು ವ್ಯಾಟಿನ ಯಂತ್ರಕ್ಕೆ 50ರಿಂದ 100 ವ್ಯಾಟ್ ನಿರಂತರವಾಗಿ ತಾಳುವ ಒಳ್ಳೆಯ ಸ್ಪೀಕರ್ ಮನೆಯ ಮಟ್ಟಿಗೆ ಧಾರಾಳ. ಮಿಕ್ಕದ್ದು ಗುಂಡಿ ತಿರುಗಿಸುವ ಕೈಯ ವಿವೇಕ.

ನಿಜವಾಗಿ ಹೆದರಬೇಕಾದದ್ದು ಓಮ್ ಎಂಬ ಅಂಕಿಗೆ. ಆಂಪ್ಲಿಫೈಯರಿನ ಹಿಂಬದಿಯಲ್ಲಿ 8 ಓಮ್, ಇಲ್ಲವೇ 4ರಿಂದ 8 ಓಮ್ ಎಂದು ಬರೆದಿರುತ್ತದೆ. ಅದಕ್ಕಿಂತ ಕಡಿಮೆ ರೋಧದ ಸ್ಪೀಕರ್ ಜೋಡಿಸಿದರೆ ಯಂತ್ರ ಹೆಚ್ಚು ವಿದ್ಯುತ್ತನ್ನು ಹರಿಸಬೇಕಾಗಿ ಕಾಯುತ್ತದೆ. ಸಮಾಂತರ ಜೋಡಣೆಯ ಲೆಕ್ಕ ಮರೆತಿಲ್ಲ ತಾನೇ? 8 ಓಮಿನ ಎರಡನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್, ನಾಲ್ಕನ್ನು ಜೋಡಿಸಿದರೆ 2 ಓಮ್. ಮದುವೆಮನೆಗಳಲ್ಲಿ ಇದ್ದಬದ್ದ ಸ್ಪೀಕರುಗಳನ್ನೆಲ್ಲ ಒಂದೇ ತಂತಿಗೆ ಕಟ್ಟಿ, ನಡುರಾತ್ರಿ ಹೊಗೆ ಎಬ್ಬಿಸಿದ ಶಿಷ್ಯೋತ್ತಮರು ನನಗೆ ನೆನಪಿದ್ದಾರೆ. ಹೆಸರು ಹೇಳುವುದಿಲ್ಲ.

ದೊಡ್ಡ ಪೆಟ್ಟಿಗೆಯೇ ಒಳ್ಳೆಯದೇ ಎಂಬ ಪ್ರಶ್ನೆ ಉಳಿಯಿತು. ಇಂದು ನಾವು ಬಳಸುವ ಸುರುಳಿ ಮತ್ತು ಶಂಕುವಿನ ಸ್ಪೀಕರನ್ನು ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ರೂಪಿಸಿದ್ದು 1925ರಲ್ಲಿ. ಮುಂದೆ ಪಾಲ್ ಕ್ಲಿಪ್ಶ್ ಎಂಬಾತ 1940ರ ದಶಕದಲ್ಲಿ ಕೋಣೆಯ ಮೂಲೆಯಲ್ಲಿಡುವ ಕಹಳೆಯಾಕಾರದ ದೈತ್ಯ ಸ್ಪೀಕರ್ ಮಾಡಿದ. ಕೆಲವೇ ವ್ಯಾಟಿಗೆ ಅದು ಮನೆ ತುಂಬುತ್ತಿತ್ತು. ನ್ಯೂಯಾರ್ಕಿನ ವಿಶ್ವವಿದ್ಯಾನಿಲಯವೊಂದರಲ್ಲಿ ಪಾಠ ಹೇಳುತ್ತಿದ್ದ ಎಡ್ಗರ್ ವಿಲ್ಚರ್ 1954ರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಗಾಳಿಯಾಡದ ಸಣ್ಣ ಪೆಟ್ಟಿಗೆಯಿಂದ ಮಂದ್ರಸ್ವರ ಹೊರಡಿಸಿದ. ಅದಕ್ಕೆ ಶಕ್ತಿಶಾಲಿ ಆಂಪ್ಲಿಫೈಯರ್ ಬೇಕಾಯಿತು. ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಹೆಚ್ಚಿನ ಸೂಕ್ಷ್ಮತೆ, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ನಮ್ಮ ಟೆಂಟ್ ಸಿನಿಮಾದ ತಗಡಿನ ಕಹಳೆ ಹೊಲದ ತುದಿಯವರೆಗೆ ಕೇಳಿಸುತ್ತಿದ್ದುದು ವ್ಯಾಟಿನ ಬಲದಿಂದಲ್ಲ, ಆಕಾರದ ಬಲದಿಂದ. ಮಂದ್ರಸ್ವರ ಅದರಲ್ಲಿ ಇರಲೇ ಇಲ್ಲ. ನನ್ನಂತೆ ಶಕ್ತಿಯುಳ್ಳ ಆಂಪ್ಲಿಫೈಯರ್ ಮೊದಲೇ ಇದ್ದವರಿಗೆ ಒಂದು ಅನುಕೂಲವಿದೆ. ಸೂಕ್ಷ್ಮತೆ ತುಸು ಕಡಿಮೆಯಾದರೂ ಚಿಂತೆಯಿಲ್ಲ, ದನಿ ಶುದ್ಧವಾಗಿರುವ ಚಿಕ್ಕ ಸ್ಪೀಕರನ್ನೇ ಆರಿಸಿಕೊಳ್ಳಬಹುದು.

ಹೀಗೆ ತಿಳಿದುಕೊಂಡು, ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಜೊತೆ ಮಾಡಿಕೊಂಡು ಮತ್ತೆ ಹೊರಟೆ. ಈ ಸಲ ಅವ್ವನ ಒಂದು ಹಾಡನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡಿದ್ದೆ. ಮೊಮ್ಮಗಳೂ ಬಂದಿದ್ದಳು. ನನ್ನ ಬಲಗಿವಿಗೆ ಕೀರಲು ಸ್ವರಗಳು ಈಗ ಸರಿಯಾಗಿ ಕೇಳಿಸವು, ಆದ್ದರಿಂದ ಎಳೆಯ ಕಿವಿಯ ಸಾಕ್ಷ್ಯ ಬೇಕಿತ್ತು. ಮೂರು ಅಂಗಡಿಗಳಲ್ಲಿ ಅದೇ ಹಾಡನ್ನು, ಒಂದೇ ಮಟ್ಟದ ಧ್ವನಿಯಲ್ಲಿ ಕೇಳಿದೆವು. ಮಟ್ಟ ಒಂದೇ ಇರಲಿ ಎಂದು ಹೇಳುವುದಕ್ಕೆ ಕಾರಣವುಂಟು. ಎರಡರಲ್ಲಿ ತುಸು ಜೋರಾಗಿರುವುದೇ ಒಳ್ಳೆಯದೆಂದು ಕಿವಿ ಮೋಸಹೋಗುತ್ತದೆ. ಮೂರನೆಯ ಅಂಗಡಿಯಲ್ಲಿ ಮೊಮ್ಮಗಳು, "ತಾತ, ಇದರಲ್ಲಿ ಬಳೆ ಸದ್ದು ಇದೆ" ಎಂದಳು. ಅದೇ ನಿರ್ಧಾರವಾಯಿತು. ಆರು ಅಂಗುಲದ ಶಂಕು, ಮೇಲೊಂದು ರೇಷ್ಮೆಬಟ್ಟೆಯ ಗುಮ್ಮಟದ ಟ್ವೀಟರ್, 8 ಓಮ್, 87 ಡೆಸಿಬೆಲ್. ಮೊಳಕಾಲ್ಮೂರಿನ ಸೀರೆಯ ಸೀಮೆಯವನಿಗೆ ರೇಷ್ಮೆ ಹಾಡುವುದೂ ಉಂಟೆಂದು ತಿಳಿದು ಸಂತೋಷವಾಯಿತು. ಬೆಲೆ ಮೊದಲಿನದಕ್ಕಿಂತ ಎರಡು ಸಾವಿರ ಕಡಿಮೆ. ಎಸ್.ಪಿ. ರಸ್ತೆಯಲ್ಲಿ ದಪ್ಪನೆಯ ತಾಮ್ರದ ತಂತಿ ಕೊಂಡು ಊರಿಗೆ ಮರಳಿದೆವು.

ಮನೆಯಲ್ಲಿ ಹಚ್ಚಿದಾಗ ಮತ್ತೆ ನಿರಾಸೆ. ಅಂಗಡಿಯ ದನಿ ಇಲ್ಲಿರಲಿಲ್ಲ. ಹಳೆಯ ಮಣ್ಣಿನ ಮಾಳಿಗೆ ಮನೆ ಹೋಗಿ ಆರ್.ಸಿ.ಸಿ. ಬಂದು ಎಷ್ಟೋ ವರ್ಷವಾಯಿತು. ನುಣುಪು ಗೋಡೆ, ಗ್ರಾನೈಟ್ ನೆಲ. ಚಪ್ಪಾಳೆ ತಟ್ಟಿದರೆ ಮಾರುತ್ತರ ಬರುತ್ತದೆ. ಟ್ರಂಕಿನಲ್ಲಿದ್ದ ಚಳ್ಳಕೆರೆಯ ಎರಡು ಕರಿಕಂಬಳಿಗಳನ್ನು ತೆಗೆದು ಒಂದನ್ನು ನೆಲಕ್ಕೆ ಹಾಸಿದೆ, ಇನ್ನೊಂದನ್ನು ನಾನು ಕೂರುವ ಜಾಗದ ಹಿಂದಿನ ಗೋಡೆಗೆ ಇಳಿಬಿಟ್ಟೆ. ಸ್ಪೀಕರುಗಳನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ತಂದು, ಟ್ವೀಟರ್ ಕಿವಿಯ ಮಟ್ಟಕ್ಕೆ ಬರುವಂತೆ ಸ್ಟೂಲಿನ ಮೇಲಿಟ್ಟೆ. ಎರಡು ಸ್ಪೀಕರು ಮತ್ತು ನನ್ನ ಕುರ್ಚಿ ಸೇರಿ ಸಮಬಾಹು ತ್ರಿಕೋನವಾಯಿತು. ಒಂದರಲ್ಲಿ ಕೆಂಪು ಕರಿ ತಂತಿ ಅದಲುಬದಲಾಗಿದ್ದುದನ್ನೂ ಸರಿಪಡಿಸಿದೆ. ಈ ತಪ್ಪಾದರೆ ದನಿಗೆ ನಡುಮನೆಯೇ ಇಲ್ಲದಂತಾಗುತ್ತದೆ.

ಇಷ್ಟಾದ ಮೇಲೆ ಅವ್ವ ಹಾಡಿದಳು. ಗುಂಡಿ ಕಾಲು ಸುತ್ತನ್ನೂ ತಿರುಗಿರಲಿಲ್ಲ. ಕಲ್ಲಿನ ಸದ್ದು ಹಿಂದೆ, ದನಿ ಮುಂದೆ. ನಡುವೆ ಒಮ್ಮೆ ಉಸಿರು ಕಟ್ಟಿ ನಿಲ್ಲಿಸಿ, ಕೆಮ್ಮಿ, "ಆಯ್ತೇನಪ್ಪ?" ಎಂದು ನನ್ನನ್ನು ಕೇಳಿದ್ದಾಳೆ. ಮೊದಲು ಎಷ್ಟು ಸಲ ಕೇಳಿದ್ದರೂ ನನಗದು ತಿಳಿದಿರಲೇ ಇಲ್ಲ. ನನ್ನ ತಂಗಿ ಈ ಸಲ ಎದ್ದು ಹೋಗಲಿಲ್ಲ.

ನಾವೀಗ ಸದ್ದನ್ನೇ ಸಂಗೀತವೆಂದು ನಂಬುತ್ತಿದ್ದೇವೆ ಎಂಬುದು ನನ್ನ ಆತಂಕ. ಮೆರವಣಿಗೆಯ ಡಿ.ಜೆ. ಮುಂದೆ ಕಂಕುಳ ಕೂಸನ್ನು ಎತ್ತಿಕೊಂಡು ನಿಂತ ತಾಯಂದಿರನ್ನು ನೋಡಿದ್ದೇನೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಕಾನೂನು ಹಾಗಿರಲಿ, ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸುಟ್ಟ ಸ್ಪೀಕರನ್ನು ಬದಲಾಯಿಸಬಹುದು, ಕಿವಿಯನ್ನಲ್ಲ.

ಆದ್ದರಿಂದ ಸ್ಪೀಕರ್ ಕೊಳ್ಳಲು ಹೊರಟ ನನ್ನ ಮಕ್ಕಳಂಥ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ: ಅಂಗಡಿಯವನ ಹಾಡಿನಿಂದ ಪರೀಕ್ಷೆ ಮಾಡಬೇಡಿ. ನಿಮಗೆ ಬಾಯಿಪಾಠವಾಗಿರುವ, ಸಾಧ್ಯವಾದರೆ ನೀವು ಕಣ್ಣಾರೆ ಕಂಡವರ ದನಿಯೊಂದನ್ನು ಒಯ್ಯಿರಿ. ಅದು ಅವರದೇ ದನಿಯಂತೆ ಕೇಳಿಸಿದರೆ ಕೊಳ್ಳಿರಿ, ಇಲ್ಲವಾದರೆ ಅಂಕಿ ಎಷ್ಟೇ ದೊಡ್ಡದಿರಲಿ, ನಮಸ್ಕಾರ ಹೇಳಿ ಬನ್ನಿ. ಮನೆಯಲ್ಲಿ ಹಿರಿಯರ ದನಿಯ ಕ್ಯಾಸೆಟ್ಟುಗಳಿದ್ದರೆ ಈ ವರ್ಷವೇ ಪ್ರತಿ ಮಾಡಿಸಿಕೊಳ್ಳಿ. ನನ್ನ ನಾಲ್ಕರಲ್ಲಿ ಒಂದಕ್ಕೆ ಅದಾಗಲೇ ಬೂಷ್ಟು ಹಿಡಿದಿದೆ. ಲಾಲಿ ಹಾಡುಗಳಿದ್ದದ್ದು ಅದರಲ್ಲೇ.