ಬೆಳ್ಳಗಾಗಲು ಅಲ್ಲ, ಸಮವಾಗಲು



ಈದ್‌ನೊಂದಿಗೆ ಶವ್ವಾಲ್ ತಿಂಗಳು ಶುರುವಾದರೆ ಸಾಕು, ನಮ್ಮ ಕಂಟೋನ್ಮೆಂಟ್ ಭಾಗದ ಮನೆಗಳಲ್ಲಿ ಮದುವೆಗಳ ಸಾಲು ಆರಂಭವಾಗುತ್ತದೆ. ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟ್, ಇಬ್ರಾಹೀಂ ಸಾಹೇಬ್ ಸ್ಟ್ರೀಟ್‌ಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಟ್ಟೆ, ಬಳೆ, ಚಪ್ಪಲಿಗಳ ಜೊತೆಗೆ ಹೆಣ್ಣುಮಕ್ಕಳ ಪಟ್ಟಿಯಲ್ಲಿ ಈಗ ಫೌಂಡೇಶನ್ ಎಂಬ ಬಾಟಲಿಯೂ ಸೇರಿಕೊಂಡಿದೆ. ಅದರ ಬಗ್ಗೆ ಕೇಳಿಬರುವ ದೂರುಗಳು ಮುಖ್ಯವಾಗಿ ಎರಡು. ಒಂದು, ಹಚ್ಚಿದ ಅರ್ಧ ಗಂಟೆಗೆ ಮುಖ ಬೂದಿ ಬಳಿದಂತೆ ಕಾಣುತ್ತದೆ. ಇನ್ನೊಂದು, ಊಟದ ಹೊತ್ತಿಗೆ ಅದು ಬಿರುಕು ಬಿಟ್ಟು ಕರಗಿ ಹೋಗುತ್ತದೆ.

ಈ ಎರಡು ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಒಂದೇ ಕಾರಣ. ಫೌಂಡೇಶನ್ ಇರುವುದು ಮುಖದ ಬಣ್ಣವನ್ನು ಬದಲಿಸಲು ಎಂದು ನಾವು ತಿಳಿದುಕೊಂಡಿದ್ದೇವೆ. ವಾಸ್ತವದಲ್ಲಿ ಅದು ಇರುವುದು ಮುಖದ ಬಣ್ಣವನ್ನು ಸಮ ಮಾಡಲು. ಮೊಡವೆಯ ಕಲೆ, ಕಣ್ಣಿನ ಕೆಳಗಿನ ಕಪ್ಪು, ಮೂಗಿನ ಪಕ್ಕದ ಕೆಂಪು ಇವುಗಳನ್ನು ಉಳಿದ ಚರ್ಮದ ಬಣ್ಣಕ್ಕೆ ತರುವುದಷ್ಟೇ ಅದರ ಕೆಲಸ.

ಕೈಯನ್ನು ನೋಡಿ ಶೇಡ್ ಆರಿಸಿರಿ

ಮದುವೆಯ ವೇದಿಕೆಯ ಮೇಲೆ ಕುಳಿತ ದುಲ್ಹನ್‌ಳನ್ನು ಗಮನಿಸಿ ನೋಡಿರಿ. ಕೊರಳು ದುಪಟ್ಟಾದೊಳಗೆ ಮರೆಯಾಗಿರುತ್ತದೆ. ಕಾಣುವುದು ಮುಖ ಮತ್ತು ಮೆಹಂದಿ ಹಚ್ಚಿದ ಎರಡು ಕೈಗಳು ಮಾತ್ರ. ಮುಖ ಹಾಲಿನಂತೆ, ಕೈ ಗೋಧಿಯಂತೆ! ಹಿಜಾಬ್ ಧರಿಸುವ ನಮಗೆ ಈ ವ್ಯತ್ಯಾಸವನ್ನು ಮುಚ್ಚಿಡಲು ಸಾಧ್ಯವೇ ಇಲ್ಲ. ಆದ್ದರಿಂದ ಶೇಡ್ ಆರಿಸುವಾಗ ದವಡೆಯ ಅಂಚನ್ನೂ ಕೈಯನ್ನೂ ಒಟ್ಟಿಗೆ ನೋಡಬೇಕು.

ಅಂಗಡಿಯವರು ಸಾಮಾನ್ಯವಾಗಿ ಮುಂಗೈ ಮೇಲೆ ಒಂದು ಗೆರೆ ಎಳೆದು "ಇದೇ ಸರಿ ಮೇಡಂ" ಎಂದುಬಿಡುತ್ತಾರೆ. ಅಷ್ಟಕ್ಕೇ ನಿಲ್ಲಬೇಡಿರಿ. ಹತ್ತಿರ ಹತ್ತಿರದ ಮೂರು ಶೇಡ್‌ಗಳನ್ನು ಕೆನ್ನೆಯಿಂದ ದವಡೆಯ ಕೆಳಗಿನವರೆಗೆ ಪಕ್ಕಪಕ್ಕದಲ್ಲಿ ಎಳೆದುಕೊಳ್ಳಿರಿ. ಯಾವ ಗೆರೆ ಚರ್ಮದಲ್ಲಿ ಕಾಣದೆ ಹೋಗುತ್ತದೆಯೋ ಅದು ನಿಮ್ಮ ಬಣ್ಣ. ಅಂಗಡಿಯ ಟ್ಯೂಬ್‌ಲೈಟ್ ಎಲ್ಲರನ್ನೂ ಬೆಳ್ಳಗೆ ತೋರಿಸುತ್ತದೆ. ಹಾಗಾಗಿ ಬಾಗಿಲ ಬಳಿ ಬಂದು, ಹಗಲಿನ ಬೆಳಕಿನಲ್ಲಿ ಕನ್ನಡಿ ನೋಡಿರಿ. ಹತ್ತು ನಿಮಿಷ ಕಳೆದ ಮೇಲೆ ಇನ್ನೊಮ್ಮೆ ನೋಡಿರಿ, ಏಕೆಂದರೆ ದ್ರವ ಆರಿ ಚರ್ಮದ ಎಣ್ಣೆಯೊಂದಿಗೆ ಬೆರೆತಾಗ ಅನೇಕ ಫೌಂಡೇಶನ್‌ಗಳ ಬಣ್ಣ ಸ್ವಲ್ಪ ಗಾಢವಾಗುತ್ತದೆ.

ಇಂದಿರಾನಗರದ 100 ಅಡಿ ರಸ್ತೆಯಂತಹ ಕಡೆಯ ದೊಡ್ಡ ಮಳಿಗೆಗಳಲ್ಲಿ ಹಚ್ಚಿ ನೋಡಲು ಟೆಸ್ಟರ್ ಬಾಟಲಿಗಳನ್ನು ಇಟ್ಟಿರುತ್ತಾರೆ. ಅಲ್ಲಿ ನೋಡಿ ಶೇಡ್ ಸಂಖ್ಯೆಯನ್ನು ಬರೆದುಕೊಂಡು, ಕೊಳ್ಳುವಾಗ ನಿಮ್ಮ ಕೈಗೆ ಎಟಕುವ ಕಡೆ ಕೊಳ್ಳಬಹುದು. ಆದರೆ ಎಲ್ಲಿ ಕೊಂಡರೂ ಬಾಟಲಿಯ ಮೇಲೆ ತಯಾರಕರ ಹೆಸರು, ಲೈಸೆನ್ಸ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇವೆಯೇ ನೋಡಿರಿ. ವಿದೇಶದ ಸರಕಾದರೆ ಆಮದು ಮಾಡಿದವರ ವಿಳಾಸ ಮತ್ತು ನೋಂದಣಿ ಸಂಖ್ಯೆ ಇರಲೇಬೇಕು. ತೆರೆದ ಡಬ್ಬಿಯ ಚಿಕ್ಕ ಚಿತ್ರದ ಮೇಲೆ 12 ಎಂ ಎಂದಿದ್ದರೆ, ಮುಚ್ಚಳ ತೆರೆದ ಮೇಲೆ ಹನ್ನೆರಡು ತಿಂಗಳು ಮಾತ್ರ ಬಳಸಬಹುದು ಎಂದರ್ಥ. ಅಕ್ಕನ ಮದುವೆಗೆ ಕೊಂಡದ್ದನ್ನು ತಂಗಿಯ ಮದುವೆಗೆ ಎತ್ತಿಡುವ ವಸ್ತು ಇದಲ್ಲ.

ಹಚ್ಚುವ ಕ್ರಮ

ಮೊದಲು ತಲೆಯ ಮೇಲಿಂದ ತೊಡುವ ಬಟ್ಟೆಗಳನ್ನು ಧರಿಸಿ ಮುಗಿಸಿರಿ. ಮೇಕಪ್ ಆದ ಮೇಲೆ ಕುರ್ತಾ ಹಾಕಹೋದರೆ ಅರ್ಧ ಬಣ್ಣ ಬಟ್ಟೆಗೆ ಹೋಗುತ್ತದೆ. ನಂತರ ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆಯಿರಿ. ಕೆ.ಆರ್. ಪುರದ ಕಡೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನೇ ನಂಬಿದ ಮನೆಗಳು ಬಹಳ. ಗಡಸು ನೀರಿನಲ್ಲಿ ಸಾಬೂನು ಪೂರ್ತಿ ಹೋಗದೆ ಚರ್ಮದ ಮೇಲೆ ಉಳಿದು ಒಣಗಿಸುತ್ತದೆ. ಅಂಥವರು ಕೊನೆಯಲ್ಲಿ ಒಂದು ಚೊಂಬು ಕುಡಿಯುವ ನೀರಿನಿಂದ ಮುಖ ತೊಳೆದರೆ ಒಳ್ಳೆಯದು.

ಒದ್ದೆ ಆರುವ ಮೊದಲೇ ಮಾಯಿಶ್ಚರೈಸರ್ ಹಚ್ಚಿರಿ. ಎಣ್ಣೆ ಚರ್ಮದವರು ಇದನ್ನು ಬಿಟ್ಟುಬಿಡುತ್ತಾರೆ, ಅದು ತಪ್ಪು. ಅವರು ಜೆಲ್ಲಿನಂತೆ ತೆಳುವಾದದ್ದನ್ನು ಬಳಸಲಿ. ಹಗಲಿನ ಕಾರ್ಯಕ್ರಮವಾದರೆ ಇದರ ಮೇಲೆ ಸನ್‌ಸ್ಕ್ರೀನ್ ಬೇಕು. ಫೌಂಡೇಶನ್ನಿನ ಮೇಲೆ ಎಸ್‌ಪಿಎಫ್ ಎಂದು ಬರೆದಿದ್ದರೂ ಅದನ್ನು ನಂಬಿ ಕೂರಬಾರದು. ಆ ಸಂಖ್ಯೆಯನ್ನು ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಷ್ಟು ಹಚ್ಚಿರುತ್ತಾರೆ. ಯಾರೂ ಅಷ್ಟು ದಪ್ಪ ಫೌಂಡೇಶನ್ ಹಚ್ಚುವುದಿಲ್ಲ, ಹಚ್ಚಲೂಬಾರದು.

ಇಲ್ಲಿಗೆ ಐದರಿಂದ ಹತ್ತು ನಿಮಿಷ ಸುಮ್ಮನಿರಿ. ಇದೇ ಎಲ್ಲರೂ ತಪ್ಪಿಸುವ ಹಂತ. ಕೆಳಗಿನ ಪದರ ಆರುವ ಮೊದಲೇ ಮೇಲಿನದನ್ನು ಹಚ್ಚಿದರೆ ಎರಡೂ ಸೇರಿ ಸಣ್ಣ ಸಣ್ಣ ಉಂಡೆಗಳಾಗಿ ಉದುರುತ್ತವೆ. ಪ್ರೈಮರ್ ಹಚ್ಚುವ ಅಭ್ಯಾಸವಿದ್ದರೆ, ಮೂಗು ಮತ್ತು ಹಣೆಯಂತಹ ರಂಧ್ರ ಕಾಣುವ ಜಾಗಕ್ಕೆ ಮಾತ್ರ ಸಾಕು. ಪ್ರೈಮರ್ ನೀರಿನದಾದರೆ ಫೌಂಡೇಶನ್ ಸಹ ನೀರಿನದೇ ಇರಲಿ, ಸಿಲಿಕೋನಿನದಾದರೆ ಸಿಲಿಕೋನಿನದೇ ಇರಲಿ. ಜೋಡಿ ತಪ್ಪಿದರೆ ಬಣ್ಣ ಬೇಗ ಬಿರುಕು ಬಿಡುತ್ತದೆ.

ಈಗ ಫೌಂಡೇಶನ್. ಇಡೀ ಮುಖಕ್ಕೆ ಒಂದು ಬಟಾಣಿಯಷ್ಟು ಸಾಕು. ಮೂಗಿನ ಪಕ್ಕದಿಂದ ಆರಂಭಿಸಿ ಹೊರಗಿನ ಕಡೆಗೆ ಚುಕ್ಕೆಗಳನ್ನಿಡಿರಿ. ಸ್ಪಂಜನ್ನು ನೀರಿನಲ್ಲಿ ನೆನೆಸಿ, ಚೆನ್ನಾಗಿ ಹಿಂಡಿ, ಅದರಿಂದ ಮೆಲ್ಲಗೆ ತಟ್ಟುತ್ತಾ ಹೋಗಿರಿ. ಉಜ್ಜಬೇಡಿರಿ. ಉಜ್ಜಿದರೆ ಒಂದು ಕಡೆ ಹಚ್ಚಿದ್ದು ಇನ್ನೊಂದು ಕಡೆ ಎದ್ದು ಬರುತ್ತದೆ. ದವಡೆ ಮತ್ತು ಹಣೆಯ ಅಂಚಿಗೆ ಬರುವಾಗ ಸ್ಪಂಜಿನಲ್ಲಿ ಉಳಿದಷ್ಟೇ ಸಾಕು. ಒಂದು ನಿಮಿಷ ಬಿಟ್ಟು ನೋಡಿ, ಕಲೆಯಿರುವ ಜಾಗಕ್ಕೆ ಮಾತ್ರ ಎರಡನೆಯ ತೆಳು ಪದರವನ್ನೋ ಒಂದಿಷ್ಟು ಕನ್ಸೀಲರನ್ನೋ ತಟ್ಟಿರಿ. ಇಡೀ ಮುಖಕ್ಕೆ ಮತ್ತೊಂದು ಪದರ ಬೇಡ. ನಗುವಾಗ, ಮಾತಾಡುವಾಗ ಚರ್ಮ ಮಡಿಚಿಕೊಳ್ಳುತ್ತದೆ. ದಪ್ಪ ಪದರ ಅದರೊಂದಿಗೆ ಮಡಿಚಲಾರದೆ ಒಡೆಯುತ್ತದೆ. ತೆಳುವಾದದ್ದೇ ಹೆಚ್ಚು ಹೊತ್ತು ನಿಲ್ಲಲು ಇದೇ ಕಾರಣ.

ಕೊನೆಗೆ ಹಣೆ, ಮೂಗು, ಗಲ್ಲಕ್ಕೆ ಪೌಡರನ್ನು ಒತ್ತಿರಿ. ಫೋಟೋ ತೆಗೆಯುವ ಸಮಾರಂಭವಾದರೆ ಬಿಳಿ ಬಣ್ಣದ ಪೌಡರಿನ ಬಗ್ಗೆ ಎಚ್ಚರವಿರಲಿ. ಅದರಲ್ಲಿರುವ ಸಿಲಿಕಾ, ಟೈಟಾನಿಯಂ ಡೈಆಕ್ಸೈಡ್‌ನಂತಹ ಕಣಗಳು ಫ್ಲ್ಯಾಶ್ ಬೆಳಕನ್ನು ಹಿಂದಕ್ಕೆ ಚಿಮ್ಮಿಸಿ, ಆಲ್ಬಮ್ಮಿನಲ್ಲಿ ಮುಖದ ಮೇಲೆ ಸುಣ್ಣದ ತೇಪೆಗಳನ್ನು ಮೂಡಿಸುತ್ತವೆ. ಹೊರಡುವ ಮುನ್ನ ಮನೆಯಲ್ಲೇ ಮೊಬೈಲ್ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡಿಕೊಳ್ಳಿರಿ.

ಹಿಜಾಬ್ ಮತ್ತು ನಿಖಾಬ್ ಧರಿಸುವವರು ಪೌಡರಿನ ನಂತರ ಇನ್ನೂ ಐದು ನಿಮಿಷ ಕಾಯಬೇಕು. ಬಟ್ಟೆ ತಾಗುವ ಕೆನ್ನೆಯ ಅಂಚು, ಗಲ್ಲದ ಕೆಳಗೆ ಫೌಂಡೇಶನ್ ಹಚ್ಚುವ ಅಗತ್ಯವೇ ಇಲ್ಲ. ಅಲ್ಲಿ ಹಚ್ಚಿದ್ದು ಕಪ್ಪು ಬಟ್ಟೆಗೆ ಹತ್ತಿ ಹಾಳಾಗುತ್ತದೆ. ಬೆವರಿದಾಗ ಟಿಶ್ಯೂವಿನಿಂದ ಒತ್ತಿ ತೆಗೆಯಿರಿ. ಬೆವರಿನ ಮೇಲೆಯೇ ಮತ್ತೆ ಪೌಡರ್ ಹಾಕಿದರೆ ಅದು ಹಿಟ್ಟಿನಂತೆ ಕಲಸಿಕೊಳ್ಳುತ್ತದೆ.

ಎಷ್ಟು ಹೊತ್ತು ನಿಲ್ಲಬೇಕು?

ಹದಿನಾರು ಗಂಟೆ, ಇಪ್ಪತ್ತನಾಲ್ಕು ಗಂಟೆ ನಿಲ್ಲುತ್ತದೆ ಎಂದು ಜಾಹೀರಾತುಗಳು ಹೇಳುತ್ತವೆ. ನೀರು ತಾಗಿದರೂ ಹೋಗದಂತೆ ಚರ್ಮದ ಮೇಲೆ ಒಂದು ಪೊರೆ ಕಟ್ಟುವುದರಿಂದಲೇ ಅವು ಅಷ್ಟು ಹೊತ್ತು ನಿಲ್ಲುವುದು. ವುಝೂವಿನಲ್ಲಿ ನೀರು ಚರ್ಮಕ್ಕೆ ತಲುಪಬೇಕೆಂಬುದು ನಮಗೆಲ್ಲ ಗೊತ್ತಿರುವ ವಿಷಯ. ಉಗುರು ಬಣ್ಣದ ವಿಷಯದಲ್ಲಿ ಜಾಗ್ರತೆ ವಹಿಸುವ ಎಷ್ಟೋ ಸಹೋದರಿಯರು ವಾಟರ್‌ಪ್ರೂಫ್ ಫೌಂಡೇಶನ್ ವಿಷಯದಲ್ಲಿ ಮರೆತುಬಿಡುತ್ತಾರೆ. ಮುಖದ ಮೇಲೆ ಪೊರೆ ಇದ್ದರೆ ಅದನ್ನು ತೆಗೆದೇ ವುಝೂ ಮಾಡಬೇಕು.

ಸಂಜೆಯ ವಲೀಮಾಕ್ಕೆ ಹೋಗುವವರು ಹೀಗೆ ಮಾಡಬಹುದು. ಮನೆಯಲ್ಲೇ ಮಗ್ರಿಬ್ ನಮಾಝ್ ಮುಗಿಸಿ, ವುಝೂ ಇರುವಾಗಲೇ ಮೇಕಪ್ ಮಾಡಿಕೊಳ್ಳಿರಿ. ಮಗ್ರಿಬ್‌ನಿಂದ ಇಶಾದವರೆಗೆ ನಮ್ಮಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯವಿರುತ್ತದೆ. ವುಝೂ ಉಳಿದರೆ ಅದೇ ವುಝೂವಿನಲ್ಲಿ ಇಶಾ ಆಗುತ್ತದೆ. ಮುರಿದರೆ ತೆಗೆಯಲು ಚೀಲದಲ್ಲಿ ಕ್ಲೆನ್ಸರ್ ಮತ್ತು ಹತ್ತಿ ಇರಲಿ. ಹೀಗೆ ಲೆಕ್ಕ ಹಾಕಿದರೆ ನಮಗೆ ಬೇಕಾಗಿರುವುದು ಮೂರು ನಾಲ್ಕು ಗಂಟೆ ಅಂದವಾಗಿ ನಿಲ್ಲುವ, ಸುಲಭವಾಗಿ ತೊಳೆದು ಹೋಗುವ ತೆಳು ಫೌಂಡೇಶನ್. ಕೆ.ಆರ್. ಪುರದಿಂದ ದಿನವೂ ನೇರಳೆ ಮಾರ್ಗದ ಮೆಟ್ರೋ ಹತ್ತಿ ಹಲಸೂರು, ಇಂದಿರಾನಗರದ ಕಚೇರಿಗಳಿಗೆ ಹೋಗುವ ಹೆಣ್ಣುಮಕ್ಕಳಿಗಂತೂ ಕಲೆಯ ಮೇಲೆ ಎರಡು ಚುಕ್ಕೆ ಕನ್ಸೀಲರ್ ಇದ್ದರೆ ಸಾಕು.

ರಾತ್ರಿ ಎಷ್ಟೇ ಆಯಾಸವಾಗಿದ್ದರೂ ಮೇಕಪ್ ತೆಗೆಯದೆ ಮಲಗಬಾರದು. ಮದುವೆ ಮನೆಯಲ್ಲಿ ಐದು ಜನಕ್ಕೆ ಒಂದೇ ಸ್ಪಂಜು ಓಡಾಡುವುದುಂಟು. ಒಬ್ಬರ ಕಣ್ಣುಬೇನೆ ಐವರಿಗೂ ಹರಡಲು ಅಷ್ಟೇ ಸಾಕು. ಸ್ಪಂಜು ಅವರವರದೇ ಇರಲಿ, ಬಳಸಿದ ಮೇಲೆ ಸಾಬೂನಿನಲ್ಲಿ ತೊಳೆದು ಗಾಳಿಯಲ್ಲಿ ಒಣಗಲಿ. ಹೊಸ ಫೌಂಡೇಶನ್ ಕೊಂಡಾಗ ಸಮಾರಂಭಕ್ಕೆ ಎರಡು ದಿನ ಮೊದಲೇ ಕಿವಿಯ ಹಿಂದೆ ಹಚ್ಚಿ, ತುರಿಕೆ ಬರುತ್ತದೆಯೇ ಎಂದು ನೋಡಿಕೊಳ್ಳಿರಿ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಇಷ್ಟೆಲ್ಲ ಕ್ರಮ ಗೊತ್ತಿದ್ದೂ ಒಂದು ಮಾತಿನ ಮುಂದೆ ಎಲ್ಲವೂ ಸೋತುಹೋಗುತ್ತದೆ. "ಇನ್ನೂ ಒಂದು ಶೇಡ್ ಬಿಳಿ ಹಾಕಿ, ಫೋಟೋದಲ್ಲಿ ಹುಡುಗಿ ಕಪ್ಪಗೆ ಕಾಣುತ್ತಾಳೆ" ಎಂಬ ಮಾತು ಅದು. ಹೇಳುವವರು ಹೆಚ್ಚಾಗಿ ತಾಯಿಯೋ ಖಾಲಾಳೋ ಫುಫ್ಫೀಯೋ ಆಗಿರುತ್ತಾರೆ. ಹೆಣ್ಣು ನೋಡಲು ಬರುವವರ ಮುಂದೆ ಎರಡು ಶೇಡ್ ಬೆಳ್ಳಗೆ ಕೂರಿಸಿದ ಹುಡುಗಿ, ಮದುವೆಯಾದ ಮೇಲೂ ಅದೇ ಬಿಳುಪನ್ನು ತೋರಿಸಬೇಕಾಗುತ್ತದೆ. ಬಾಟಲಿಯಿಂದ ಅದು ದಿನವೂ ಸಾಧ್ಯವಿಲ್ಲ. ಆಗ ಆಕೆಯ ಕೈ ಹೆಸರಿಲ್ಲದ ಕ್ರೀಮಿನ ಡಬ್ಬಿಯ ಕಡೆಗೆ ಹೋಗುತ್ತದೆ.

ಆ ಡಬ್ಬಿಗಳು ಏನು ಮಾಡಬಲ್ಲವು ಎಂಬುದಕ್ಕೆ ನಮ್ಮ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಅನುಭವ ಸಾಕು. 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರ ಮೂತ್ರಪಿಂಡ ತಜ್ಞರು ಒಂದೇ ಬಗೆಯ ಕಾಯಿಲೆಯ 22 ರೋಗಿಗಳನ್ನು ಕಂಡರು. ಮೂತ್ರದಲ್ಲಿ ಪ್ರೋಟೀನ್ ಸೋರಿ ಹೋಗುವ ಕಾಯಿಲೆ ಅದು. ಅವರಲ್ಲಿ 15 ಜನರಲ್ಲಿ ಕಾಯಿಲೆಯ ಒಂದು ಅಪರೂಪದ ವಿಧ ಕಂಡುಬಂತು, ಆ 15ರಲ್ಲಿ 13 ಜನ ಬಿಳುಪಿನ ಕ್ರೀಮ್ ಬಳಸುತ್ತಿದ್ದರು. ಕ್ರೀಮಿನಲ್ಲಿದ್ದ ಪಾದರಸವೇ ಮೂತ್ರಪಿಂಡಕ್ಕೆ ಏಟು ಕೊಟ್ಟಿತ್ತು. ಕ್ರೀಮ್ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡದ್ದು ಅಲ್ಲಾಹನ ಕೃಪೆ. ಪಾದರಸ ಬೆರೆಸಿ ಮುಖದ ಕ್ರೀಮ್ ತಯಾರಿಸಲು ನಮ್ಮ ದೇಶದ ಕಾನೂನಿನಲ್ಲಿ ಅವಕಾಶವಿಲ್ಲ. ಆದರೆ ವಿಳಾಸವೇ ಇಲ್ಲದ ಡಬ್ಬಿಗೆ ಯಾವ ಕಾನೂನು?

ಇನ್ನೊಂದು ಬಗೆ ಸ್ಟೀರಾಯ್ಡ್ ಇರುವ ಮುಲಾಮುಗಳದ್ದು. 2018ರಲ್ಲಿ ಕೇಂದ್ರ ಸರಕಾರ ಅಂತಹ 14 ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಒಂದೆರಡು ವಾರ ಮುಖ ಹೊಳೆಯುತ್ತದೆ. ಬಳಸುತ್ತಾ ಹೋದಂತೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಮತ್ತು ಬೇಡದ ಕೂದಲು ಕಾಣಿಸಿಕೊಳ್ಳುತ್ತವೆ. ಅಂತಹ ಚರ್ಮದ ಮೇಲೆ ಯಾವ ಫೌಂಡೇಶನ್ನೂ ನಿಲ್ಲುವುದಿಲ್ಲ. ಈಗಾಗಲೇ ಬಳಸುತ್ತಿರುವವರು ನಾಚಿಕೆಪಡದೆ ಚರ್ಮದ ವೈದ್ಯರನ್ನು ಕಾಣಿರಿ. ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಸರಕಾರಿ ಆಸ್ಪತ್ರೆಯಲ್ಲೇ ಚರ್ಮರೋಗ ವಿಭಾಗವಿದೆ. ಹೋಗುವಾಗ ಆ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

1975ರಿಂದ ಮನೆಮನೆಯ ಕನ್ನಡಿಯ ಮುಂದಿದ್ದ ಫೇರ್ ಆಂಡ್ ಲವ್ಲಿ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಎಂದು ಮಾಡಿಕೊಂಡಿತು. ಕಂಪೆನಿ ಹೆಸರು ಬದಲಿಸಿತು. ನಮ್ಮ ಮನೆಗಳಲ್ಲಿ ಮಾತು ಬದಲಾಗಿದೆಯೇ? ಮನುಷ್ಯರ ಭಾಷೆಗಳೂ ಬಣ್ಣಗಳೂ ಬೇರೆ ಬೇರೆಯಾಗಿರುವುದನ್ನು ಕುರ್‌ಆನ್ ಸೂರಃ ಅರ್ರೂಮ್‌ನಲ್ಲಿ ಅಲ್ಲಾಹನ ದೃಷ್ಟಾಂತಗಳ ಸಾಲಿನಲ್ಲಿ ಸೇರಿಸಿದೆ. ಅದನ್ನು ಓದುವ ಮನೆಯಲ್ಲೇ ಮಗಳ ಬಣ್ಣವನ್ನು ಕುಂದೆಂದು ಎಣಿಸುವುದು ಎಷ್ಟು ಸರಿ? ಸಂಬಂಧ ನೋಡಲು ಬಂದವರು ಬಣ್ಣ ಕೇಳಿದರೆ ಉತ್ತರ ಕೊಡಬೇಕಾದವರು ಹಿರಿಯರು. ಮಗಳ ಮುಖದ ಮೇಲೆ ಇನ್ನೊಂದು ಪದರ ಬಳಿಯುವುದು ಆ ಪ್ರಶ್ನೆಗೆ ಉತ್ತರವಲ್ಲ.

ಅಲಂಕಾರ ಮಾಡಿಕೊಳ್ಳಿರಿ ಸಹೋದರಿಯರೇ, ಸಂತೋಷದ ದಿನಗಳಿಗೆ ಅದೂ ಬೇಕು. ಮುಂದಿನ ಸಲ ಅಂಗಡಿಯಲ್ಲಿ "ಯಾವ ಶೇಡ್ ಬೇಕು?" ಎಂದು ಕೇಳಿದಾಗ, ಮಗಳ ಕೈಯನ್ನು ಮುಂದೆ ಚಾಚಿ "ಇದೇ ಬಣ್ಣ ಕೊಡಿ" ಎಂದು ಹೇಳಿರಿ. ಪಕ್ಕದಲ್ಲಿ ನಿಂತ ಮಗಳು ಆ ಮಾತನ್ನು ಕೇಳಿಸಿಕೊಳ್ಳಲಿ.